13 ಡಾಲರು, 7 ಡಾಲರು
ಇಂಗ್ಲೆಂಡಿನ ಸಸೆಕ್ಸ್ ಹಳ್ಳಿಯ ಬಡವರ ಮಗ ರಿಚರ್ಡ್ ರೆಲ್ಫ್ 1854ರಲ್ಲಿ ಅಮೆರಿಕಾ ಸೇರಿದ. ಗುಲಾಮಗಿರಿ ವಿರುದ್ಧ ಜಾನ್ ಬ್ರೌನನ ಜೊತೆ ನಿಂತ. 1862ರಲ್ಲಿ ಇಲಿನಾಯ್ 88ನೇ ಪಡೆಯ ಸಿಪಾಯಿಯಾದ.

ಆಗ ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರು. ಕಪ್ಪು ಸಿಪಾಯಿಗೆ 10. ಅದರಲ್ಲೂ ಬಟ್ಟೆಗೆಂದು 3 ಮುರ್ಕೊಂಡು ಕೈಗೆ 7. ಗುಂಡು ಬಣ್ಣ ನೋಡೋದಿಲ್ಲ. ಸಂಬಳದ ಪಟ್ಟಿ ನೋಡ್ತಿತ್ತು.

ನಿನ್ನೆ ಬಂದವನಿಗೆ ಪೂರ್ತಿ ಕೂಲಿ, ಆ ಮಣ್ಣಲ್ಲೇ ತಲೆತಲಾಂತರ ಬೆವರು ಸುರಿಸಿದವನಿಗೆ ಅರೆ ಕೂಲಿ. ರೆಲ್ಫ್ ಒಳ್ಳೆಯವನೇ. ಆದರೂ ಅವನು ಕೇಳದೆಯೇ ಮೈಬಣ್ಣದ ಲಾಭ ಅವನ ಜೇಬಿಗೆ ಬಿತ್ತು. ಹಾಗಾದ್ರೆ ಬರೀ ಒಳ್ಳೆಯತನ ಸಾಕೇನು, ಗೆಳೆಯರೇ?

ಮ್ಯಾಸಚೂಸೆಟ್ಸ್ 54ನೇ ಪಡೆಯ ಕಪ್ಪು ಸಿಪಾಯಿಗಳು ಆ ದುಡ್ಡು ಮುಟ್ಟಲಿಲ್ಲ. ಸಂಬಳವಿಲ್ಲದೆ ಕಾದಾಡಿದರು. 1864ರಲ್ಲಿ ಸರ್ಕಾರ ಸಮ ಸಂಬಳಕ್ಕೆ ಮಣಿಯಿತು. ಜೊತೆಗಾರನ ಕರುಣೆ ಬೇಡವೆಂದಲ್ಲ. ಆದರೆ ನೊಂದವನ 'ಒಲ್ಲೆ' ಅನ್ನೋ ಮಾತೇ ಪಟ್ಟಿ ತಿದ್ದಿಸಿದ್ದು.