ತಲೆಯ ಕಡೆ ಒಬ್ಬರು, ಕಾಲ ಕಡೆ ಒಬ್ಬರು

ದಿನದ ಚಿಂತನೆ


ನಮ್ಮ ಅವ್ವನಿಗೆ ಲಕ್ವಾ ಹೊಡೆದು ಮೂರು ವರ್ಷವಾಯಿತು. ಉಣಿಸುವುದು, ಹೊರಳಿಸುವುದು, ಬಟ್ಟೆ ಬದಲಿಸುವುದು, ಎಲ್ಲವೂ ನನ್ನ ಹೆಂಡತಿಯದೇ. ಕಳೆದ ತಿಂಗಳು ಸವದತ್ತಿಯಲ್ಲಿ ಆಕೆಯ ತಮ್ಮನ ಮದುವೆ. "ನಾಕು ದಿನ ಹೋಗಿ ಬರ್ಲೇನ್ರಿ?" ಎಂದು ಅಂಜುತ್ತ ಕೇಳಿದಳು. "ಮುದುಕೀನ ಬಿಟ್ಟು ತಿರಗಾಕ ಹೊಂಟಾಳ" ಎಂದು ಓಣಿಯಲ್ಲಿ ಮಾತಾಯಿತು. ನಾನು ಸುಮ್ಮನಿದ್ದೆ. ಕೊನೆಗೆ ಅವ್ವನೇ ತೊದಲುತ್ತ ಹೇಳಿದಳು: "ಹೋಗಿ ಬಾರವಾ. ನೀ ಏನ್ ಜೀತಕ್ಕ ಇದ್ದೀಯೇನ?"

ಶಾಲೆಗೆ ರಜೆ ಹಾಕಿ ನಾನು ಅವ್ವನ ಹತ್ತಿರ ಉಳಿದೆ. ಎರಡನೆಯ ರಾತ್ರಿ ಮೂರನೇ ಸಲ ಹಾಸಿಗೆ ಒದ್ದೆಯಾದಾಗ ಆಕೆಯ ಮೇಲೆ ರೇಗಿಬಿಟ್ಟೆ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ರವಿವಾರದ ಅಧ್ಯಯನದಲ್ಲಿ ಕರುಣೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವನ ಕರುಣೆ ಎರಡೇ ರಾತ್ರಿಗೆ ಬತ್ತಿತ್ತು.

ಆರೈಕೆ ಮಾಡುವವರು ವಿಶ್ರಾಂತಿ ಬಯಸುವುದು ತಪ್ಪೇ?

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರೂ ಅದನ್ನು ಸೇರಿಸಿದ್ದಾರೆ. ಹೊಟ್ಟೆಬೇನೆಯ ಭಿಕ್ಖುವೊಬ್ಬ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಅವನಿಂದ ಉಪಯೋಗವಿಲ್ಲವೆಂದು ಯಾರೂ ಹತ್ತಿರ ಬರುತ್ತಿರಲಿಲ್ಲ. ಭಗವಾನರು ನೀರು ಹಾಕಿದರು, ಆನಂದ ತೊಳೆದ. ಆಮೇಲೆ ಭಗವಾನರು ತಲೆಯ ಕಡೆ, ಆನಂದ ಕಾಲ ಕಡೆ ಹಿಡಿದು ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು.

ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಒಂದು ಮಾತು ಈಗ ಹೊಳೆಯಿತು. ಬುದ್ಧರೂ ಆ ಕೆಲಸವನ್ನು ಒಬ್ಬರೇ ಮಾಡಲಿಲ್ಲ. ಅನಂತರ ಅದರ ಹೊಣೆಯನ್ನು ರೋಗಿಯ ಗುರು, ಶಿಷ್ಯ, ಜೊತೆಯ ಭಿಕ್ಖುಗಳಿಗೆ ವಹಿಸಿ, ಅವರಾರೂ ಇಲ್ಲದಿದ್ದರೆ ಇಡೀ ಸಂಘಕ್ಕೆ ಒಪ್ಪಿಸಿದರು. ನಾವೋ, ಮನೆಯ ಸೊಸೆಗೋ ಮಗಳಿಗೋ ಕಟ್ಟಿ, ಅದಕ್ಕೆ 'ಸೇವೆ' ಎಂದು ಹೆಸರಿಟ್ಟಿದ್ದೇವೆ. ಇಂಥವರು ಇಂಥದ್ದನ್ನೇ ಮಾಡಬೇಕು ಎಂದು ಹುಟ್ಟಿನಿಂದ ಹೊರಿಸಿದ ಕೆಲಸದ ನೋವು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಮರೆವಿನ ಕಾಯಿಲೆಯ ಹಿರಿಯರನ್ನು ಕೆಲವು ದಿನಗಳ ಮಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳುತ್ತವೆ. ಮನೆಯವರಿಗೆ ಸಿಗುವ ಈ ಬಿಡುವನ್ನು 'ರೆಸ್ಪೈಟ್ ಕೇರ್' ಎನ್ನುತ್ತಾರೆ. ಹಾಸಿಗೆ ಹಿಡಿದ ಅವ್ವನನ್ನು ರಾಮದುರ್ಗದಿಂದ ಅಲ್ಲಿಗೆ ಒಯ್ಯುವುದು ನಮ್ಮಿಂದಾಗದು. ಆದರೆ ಆ ಬಿಡುವನ್ನು ನಾವೇ ಕೊಡಬಹುದಲ್ಲವೇ?

ನಮ್ಮ ಬಳಗದಲ್ಲಿ ಇಂಥ ಮನೆಗಳು ಎಷ್ಟಿವೆ ಎಂದು ಈ ರವಿವಾರ ಬರೆದುಕೊಳ್ಳೋಣ. ಹಿರಿಯರು ಒಪ್ಪಿದರೆ ಇಬ್ಬಿಬ್ಬರು ಪಾಳಿಯಂತೆ ಹೋಗಿ, ವಾರಕ್ಕೆ ನಾಲ್ಕು ತಾಸು ಕೂಡೋಣ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಎಬ್ಬಿಸಿ ಕೂರಿಸಿ ಗಂಜಿ ಕುಡಿಸುವುದು ಕಲಿಯಲಾಗದ ವಿದ್ಯೆಯೇನಲ್ಲ. ಅದರಲ್ಲಿ ಗಂಡಸರೂ ಇರಬೇಕು. ಮೊದಲ ಹೆಸರು ನನ್ನದು.

ಮದುವೆ ಮುಗಿಸಿ ಬಂದ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಅತ್ತಿ ಉಂಡಾರೇನ್ರಿ?" ಅವ್ವ ನಕ್ಕಳು. ನಾನು ರೇಗಿದ್ದನ್ನು ಆಕೆ ಹೇಳಲಿಲ್ಲ. ನಾನೇ ಹೇಳಿದೆ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.