ಗಾಳದ ಸಭ್ಯತೆ

ದಕ್ಷಿಣ ಇಂಗ್ಲೆಂಡಿನ ಟೆಸ್ಟ್, ಇಚೆನ್ ನದಿಗಳ ನೀರು ಗಾಜಿನಷ್ಟು ತಿಳಿ. ಅಲ್ಲಿ ಟ್ರೌಟ್ ಹಿಡಿಯುವವರ ನಡುವೆ ಒಂದು ವಿಚಿತ್ರ ಜಗಳ ಹುಟ್ಟಿತು. ಫ್ರೆಡರಿಕ್ ಹಾಲ್ಫರ್ಡ್ 1886ರಲ್ಲಿ ತೇಲುವ ನೊಣಗಳ ಬಗ್ಗೆ ಪುಸ್ತಕ ಬರೆದ. ಮೀನು ಮೇಲೆದ್ದು ಹುಳು ತಿನ್ನುವುದನ್ನು ಕಣ್ಣಾರೆ ಕಂಡು, ಗರಿ ನೂಲುಗಳಿಂದ ಕಟ್ಟಿದ ನೊಣವನ್ನು ಅದರ ಮುಂದೆ ತೇಲಿಬಿಡಬೇಕು. ಬೇರೆ ದಾರಿ ಸಭ್ಯರದ್ದಲ್ಲ ಎಂದರು ಅವನ ಹಿಂಬಾಲಕರು. ವಕೀಲನಾಗಿದ್ದ ಸ್ಕ್ಯೂಸ್ ಒಪ್ಪಲಿಲ್ಲ. ಟ್ರೌಟ್ ತನ್ನ ಊಟದ ಬಹುಪಾಲನ್ನು ನೀರೊಳಗೇ ಮುಗಿಸುತ್ತದೆ, ಹಾಗಿದ್ದ ಮೇಲೆ ಮುಳುಗುವ ಮರಿಹುಳುವಿನ ಗಾಳ ಯಾಕೆ ತಪ್ಪು? 1938ರಲ್ಲಿ ಲಂಡನ್ನಿನ ಕ್ಲಬ್ಬೊಂದರಲ್ಲಿ ಇದರ ಮೇಲೆ ಚರ್ಚೆಯೇ ನಡೆಯಿತು.

ಚರ್ಚೆಗೆ ಮೀನನ್ನು ಯಾರೂ ಕರೆದಿರಲಿಲ್ಲ, ಬಿಡಿ. ಹಿಡಿಯುವವನು ತನಗೆ ತಾನೇ ಕಷ್ಟ ತಂದುಕೊಂಡರೆ ಅದು ಮೀನಿಗೆ ಮಾಡಿದ ನ್ಯಾಯವೇ? ನನಗೆ ಹಾಗನ್ನಿಸುವುದಿಲ್ಲ. ಅದು ಅವನ ಆಟದ ನಿಯಮ, ಅಷ್ಟೆ. ಕೆಲವೊಮ್ಮೆ ಆ ನಿಯಮವೇ ಮೀನಿಗೆ ಮುಳುವು. ತೀರ ತೆಳುವಾದ ದಾರ ಕಟ್ಟುವುದು ಜಾಣ್ಮೆ ಎನ್ನುತ್ತಾರೆ. ಆದರೆ ದಾರ ತೆಳುವಾದಷ್ಟೂ ಎಳೆದಾಟ ಉದ್ದವಾಗುತ್ತದೆ, ಮೀನು ಸುಸ್ತಾಗುತ್ತದೆ. ಬಿಸಿಲಿಗೆ ನೀರು ಕಾದು ಆಮ್ಲಜನಕ ಕಡಿಮೆಯಾದ ದಿನ, ಹಿಡಿದು ಬಿಟ್ಟ ಮೀನೂ ಸಾಯಬಹುದು. ಗಟ್ಟಿ ದಾರ, ಒಳಮುಳ್ಳಿಲ್ಲದ ಗಾಳ, ಅಂಥ ದಿನ ಮನೆಯಲ್ಲೇ ಉಳಿಯುವುದು: ಇವುಗಳಲ್ಲಿ ಚಂದವೇನೂ ಇಲ್ಲ, ಮೀನಿಗೆ ತಟ್ಟುವುದು ಮಾತ್ರ ಇವೇ.

ಹಸಿದವನು ಬಲೆ ಬೀಸಿದರೆ ಅವನಿಗೊಂದು ಉತ್ತರವಿದೆ. ಹಿಡಿದು, ಮುದ್ದಿಸಿ, ಬಿಡುವವನನ್ನು ಕೇಳಿದರೆ ಅವನು ನದಿಯ ಚೆಲುವಿನ ಬಗ್ಗೆ ಮಾತಾಡುತ್ತಾನೆ.