ತಪಾಸಣಾ ವರದಿ ಯಾರ ಸ್ವತ್ತು?

ಹೊರಮಾವು, ರಾಮಮೂರ್ತಿನಗರ, ಕೆ.ಆರ್. ಪುರದ ಕಡೆ ಒಂದು ಸುತ್ತು ಹಾಕಿದರೆ ‘ಸೀನಿಯರ್ ಕೇರ್’ ಬೋರ್ಡಿನ ಮನೆಗಳು ಕಾಣುತ್ತವೆ. ಸಂಸಾರಕ್ಕೆಂದು ಕಟ್ಟಿದ ಎರಡಂತಸ್ತಿನ ಮನೆ. ಹಾಲಿನಲ್ಲಿ ಮಂಚಗಳ ಸಾಲು, ಗ್ರಿಲ್ಲಿಗೆ ಒಣಹಾಕಿದ ಟವೆಲ್ಲು, ಫಿನಾಯಿಲ್ ವಾಸನೆ. ತಿಂಗಳಿಗೆ ಎಷ್ಟು ಎಂದರೆ ಫೋನಿನಲ್ಲೇ ಹೇಳುತ್ತಾರೆ. ಸರ್ಕಾರದವರು ಕಡೆಯ ಸಲ ಯಾವಾಗ ಬಂದಿದ್ದರು, ಏನು ಬರೆದುಕೊಂಡು ಹೋದರು ಎಂದು ಕೇಳಿ ನೋಡಿ. ಇಂಥ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆಯೇ ಎಂಬಂತೆ ಮುಖ ನೋಡುತ್ತಾರೆ.

ಇಂದಿರಾನಗರದ ಕ್ಲಿನಿಕ್ಕು ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಕಣ್ಣಿಗೆ ಬೀಳುವಂತೆ ಹಾಕಬೇಕು. ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕಟ್ಟಳೆ ಅದು. ಅದೇ ವರ್ಷ ಕೇಂದ್ರ ತಂದ ಹಿರಿಯ ನಾಗರಿಕರ ಕಾಯ್ದೆಯ ಗಮನವೆಲ್ಲ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ 150 ಬಡವರಿಗೆ ಜಾಗ ಎಂಬುದರ ಮೇಲಿತ್ತು. ಆಶ್ರಮಗಳ ನೋಂದಣಿಯನ್ನು ಸೇರಿಸುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಆ ಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು.

ಆಶ್ರಮಗಳ ತಪಾಸಣಾ ವರದಿಗಳನ್ನು ಪ್ರಕಟಿಸಬೇಕು. ವರದಿಗಳು ಬಯಲಿಗೆ ಬಂದರೆ ಜನ ನೋಡಿ ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ ಎನ್ನುವುದು ಅದಕ್ಕೆ ಎಲ್ಲರೂ ಕೊಡುವ ಕಾರಣ. ನನಗದು ಸಪ್ಪೆ. ಆರಿಸುವವನು ಮಗ, ಇರಬೇಕಾದವಳು ತಾಯಿ. ಮರೆವಿನ ಕಾಯಿಲೆಯವಳು ಜಾಗ ಬದಲಿಸಲಾರಳು. ಏನಾದರೂ ದೂರಿದರೆ “ಅವರಿಗೆ ನೆನಪಿರಲ್ಲ ಸಾರ್” ಎಂಬಲ್ಲಿಗೆ ವಿಚಾರಣೆ ಮುಗಿಯಿತು. ಅವಳ ಮಾತಿಗೆ ಹೊರಗಿನ ಸಾಕ್ಷಿ ಬೇಕು, ತಪಾಸಣೆ ಇರುವುದೇ ಅದಕ್ಕೆ. ಆ ಸಾಕ್ಷಿಯ ಹೇಳಿಕೆಯನ್ನು ಅಧಿಕಾರಿ, ಮಾಲೀಕ ಇಬ್ಬರೇ ಓದುವಂತಿದ್ದರೆ ಅವರಿಬ್ಬರ ನಡುವೆ ಏನು ಬೇಕಾದರೂ ಕುದುರಬಹುದು. ಪ್ರಕಟವಾದ ವರದಿ ಆಶ್ರಮವನ್ನಷ್ಟೇ ಅಲ್ಲ, ಬರೆದವನನ್ನೂ ಕಟ್ಟಿಹಾಕುತ್ತದೆ.

ಖಾಸಗಿಯವರನ್ನೇ ಬೈದು ಪ್ರಯೋಜನವಿಲ್ಲ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ಸರ್ಕಾರದ್ದೇ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲುಸಾಲಾಗಿ ಜನ ಸತ್ತರು. ಸುದ್ದಿಯಾದ ಮೇಲೆ ಸಚಿವ ಡಿ. ಸುಧಾಕರ್ ಕೈಯಿಂದ ಸಮಾಜ ಕಲ್ಯಾಣ ಖಾತೆ ಹೋಯಿತು. ಆಸ್ತಿ ತೆರಿಗೆಯ ಜತೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುವ ಹಲಸೂರು, ಶಿವಾಜಿನಗರದವರಿಗೆ ತಮ್ಮ ದುಡ್ಡು ನಡೆಸುವ ಜಾಗದ ಒಳಗು ತಿಳಿದದ್ದು ಹೆಣಗಳ ಲೆಕ್ಕ ಹೊರಬಿದ್ದಾಗ.

ಮಾಹಿತಿ ಹಕ್ಕು ಇದೆಯಲ್ಲ ಎನ್ನಬಹುದು. ಇದೆ, 2005ರಿಂದ. ಖಾಸಗಿ ಸಂಸ್ಥೆಯ ಬಗ್ಗೆ ಸರ್ಕಾರ ಕಾನೂನಿನ ಪ್ರಕಾರ ಪಡೆಯಬಹುದಾದದ್ದೂ ಅದರ ವ್ಯಾಪ್ತಿಗೆ ಬರುತ್ತದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಬೌರಿಂಗ್ ಆಸ್ಪತ್ರೆಯಲ್ಲಿ ಸೊಂಟ ಮುರಿದು ಮಲಗಿದ ಅಪ್ಪನನ್ನು ನಾಳಿದ್ದು ಡಿಸ್ಚಾರ್ಜ್ ಎಂದಾಗ 30 ದಿನ ಕಾಯುವವರು ಯಾರು?

ಪ್ರಕಟಿಸುವುದರಲ್ಲೂ ಅಪಾಯ ಇಲ್ಲದಿಲ್ಲ. ಇಂಗ್ಲೆಂಡಿನಲ್ಲಿ 2015ರ ಏಪ್ರಿಲ್‌ನಿಂದ ಆರೈಕೆ ಮನೆಗಳು ತಮ್ಮ ದರ್ಜೆಯನ್ನು ತೂಗುಹಾಕಲೇಬೇಕು. ಅಮೆರಿಕ 2008ರಲ್ಲೇ ನರ್ಸಿಂಗ್ ಹೋಮ್‌ಗಳಿಗೆ ಐದು ನಕ್ಷತ್ರಗಳ ಪದ್ಧತಿ ತಂದಿತು. ಆದರೆ ನಕ್ಷತ್ರದ ಒಂದು ಪಾಲು ಸಂಸ್ಥೆಗಳು ತಾವೇ ಒಪ್ಪಿಸುವ ಅಂಕಿಗಳ ಮೇಲೆ ನಿಂತಿತ್ತು. ಆ ಅಂಕಿಗಳು ಎಷ್ಟು ಉಬ್ಬಿದ್ದವೆಂದು 2021ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬಯಲು ಮಾಡಿತು. ಅಂಕಿಗೆ ಇನ್ನೂ ಕೆಟ್ಟ ಗುಣವೊಂದಿದೆ. ‘ಈ ತಿಂಗಳು ಬಿದ್ದವರು: ಸೊನ್ನೆ’ ಎಂದು ಓದಿದರೆ ಸಮಾಧಾನವಾಗುತ್ತದೆ. ಯಾರೂ ಬೀಳದಂತೆ ಮಾಡುವ ಸುಲಭದ ದಾರಿ, ಯಾರನ್ನೂ ಏಳಲು ಬಿಡದಿರುವುದು: ಮಂಚಕ್ಕೆ ಅಡ್ಡ ಕಂಬಿ, ಕುರ್ಚಿಗೆ ಸೊಂಟದ ಪಟ್ಟಿ, ಸಂಜೆಗೊಂದು ನಿದ್ದೆ ಮಾತ್ರೆ. ಅಂಗಳದಲ್ಲಿ ತಾನೇ ನಡೆದಾಡಿ ಒಮ್ಮೆ ಎಡವಿದ ಅಜ್ಜನ ಆಶ್ರಮ ಅಂಕದಲ್ಲಿ ಸೋಲುತ್ತದೆ, ಅಜ್ಜನನ್ನು ಕಟ್ಟಿ ಕೂರಿಸಿದ್ದು ಗೆಲ್ಲುತ್ತದೆ.

ಹಾಗಾಗಿ ನನಗೆ ನಕ್ಷತ್ರ ಬೇಡ, ವಾಕ್ಯ ಬೇಕು. ಯಾವ ದಿನ, ಎಷ್ಟು ಹೊತ್ತಿಗೆ ಬಂದರು, ಮೊದಲೇ ಹೇಳಿ ಬಂದರೋ ಹೇಳದೆಯೋ, ಎಷ್ಟು ಜನಕ್ಕೆ ಎಷ್ಟು ಆಯಾಗಳಿದ್ದರು, ಯಾರ ಬೆನ್ನಲ್ಲಾದರೂ ಹಾಸಿಗೆ ಹುಣ್ಣಿತ್ತೇ, ಹೋದ ಸಲ ಹೇಳಿದ್ದು ಸರಿಯಾಯಿತೇ. ನಿವಾಸಿಗಳ ಹೆಸರು, ಕಾಯಿಲೆ ಬೇಡ. ಅದರ ಕೆಳಗೇ ಮಾಲೀಕರ ಉತ್ತರ. ಮಾಜಿ ನರ್ಸೊಬ್ಬರು ಎಂಟು ಮಂದಿಯನ್ನಿಟ್ಟು ನಡೆಸುವ ಮನೆಗೆ ರ‍್ಯಾಂಪ್ ಇಲ್ಲದಿರಬಹುದು. ಮಧ್ಯರಾತ್ರಿ ಕರೆದರೂ ಅಲ್ಲಿ ಯಾರಾದರೂ ಬರುತ್ತಾರೆ ಎಂಬುದನ್ನು ವಾಕ್ಯ ಹೇಳಬಲ್ಲದು, ಅಂಕ ಹೇಳಲಾರದು.

ಅದನ್ನು ಗೇಟಿಗೆ ಅಂಟಿಸಿದರೆ ಬಂದುಹೋಗುವವರು ಓದುತ್ತಾರೆ. ಒಳಗೂ ಓದಿ ಹೇಳಬೇಕು. ದಂಡು ಪ್ರದೇಶದ ಮುದುಕರು ತಮಿಳು, ಉರ್ದು, ಇಂಗ್ಲಿಷ್, ಕನ್ನಡ ಯಾವುದರಲ್ಲಾದರೂ ಮಾತಾಡುವವರು. ವರದಿಯೂ ಅವರವರ ಭಾಷೆಯಲ್ಲಿ ಅವರ ಕಿವಿಗೆ ಬೀಳಲಿ. ‘ಊಟ ತೃಪ್ತಿಕರ’ ಎಂದು ಅಧಿಕಾರಿ ಓದಿದಾಗ ಮೂಲೆಯಿಂದೊಬ್ಬ ಅಜ್ಜಿ “ನೀವು ಬರ್ತೀರ ಅಂತ ಇವತ್ತು ಪಲ್ಯ ಮಾಡಿದ್ರು” ಎಂದರೆ, ಆ ಮಾತನ್ನೂ ಅದೇ ಹಾಳೆಯಲ್ಲಿ ಬರೆದು ರುಜು ಹಾಕಬೇಕು.